ಅಕ್ಕನ ಲೈನು, ನಾನು ಎತ್ತಿಟ್ಟ ಕಾಲರು

ಸಾಕ್ಷಾತ್ ಮಾದಪ್ಪನೇ ಹುಲಿಯ ಮೇಲೆ ಕೂತು ನಮ್ಮ ಮನೆ ಬಾಗಿಲಿಗೆ ಬಂದರೂ, ನನ್ನ ಅಕ್ಕ ಕೈ ಮುಗಿಯುವ ಮೊದಲು ಒಂದು ಮಾತು ಕೇಳಿಯೇ ಕೇಳುತ್ತಾಳೆ. "ಸ್ವಾಮಿ, ಎಪ್ಪತ್ತೇಳು ಮಲೆ ಸುತ್ಕಂಡ್ ಬರೋ ಬದ್ಲು ಒಂದು ಅಡ್ಡದಾರಿ ಮಾಡ್ಕಬಾರ್ದಾ? ಎಷ್ಟು ನಡಿಗೆ ವೇಸ್ಟು!" ಇದು ನಾನು ಕಟ್ಟಿ ಹೇಳುತ್ತಿರುವ ಮಾತು, ಒಪ್ಪುತ್ತೇನೆ. ಆದರೆ ಅಕ್ಕನನ್ನು ಬಲ್ಲವರು ಯಾರನ್ನಾದರೂ ಕೇಳಿ ನೋಡಿ, "ಕೇಳಿದ್ರೂ ಕೇಳ್ಬುಟ್ಟಾಳು" ಅನ್ನುತ್ತಾರೆಯೇ ಹೊರತು ಸುಳ್ಳು ಅನ್ನುವುದಿಲ್ಲ.

ಚಾಮರಾಜನಗರದ ಹೊರಗೆ ಅಂಗಿ ಹೊಲಿಯುವ ಒಂದು ಫ್ಯಾಕ್ಟರಿ ಇದೆ. ಈ ಕಥೆ ನಡೆದಾಗ ಅಕ್ಕ ಅಲ್ಲಿ ಸೂಪರ್‌ವೈಸರ್. ನಾನು ಅಲ್ಲೇ ಕಾಲರ್ ಹೊಲಿಯುವವಳು. ತೆರಕಣಾಂಬಿಯಿಂದ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಬಸ್ಸು ಹತ್ತುವ ತನಕ ಅವಳು ನನ್ನ ಅಕ್ಕ, ಇಳಿದ ಮೇಲೆ ಮೇಡಂ. ನಾನು ಓದಿದ್ದು ಎಂಟನೇ ಕ್ಲಾಸು, ಅದೂ ಪರೀಕ್ಷೆಗೆ ಮೊದಲೇ ಬಿಟ್ಟೆ. ಹಾಗಾಗಿ ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಿ. ಬರವಣಿಗೆಯ ತಪ್ಪು ಬಿಡಿ, ಅದಕ್ಕಿಂತ ದೊಡ್ಡ ತಪ್ಪೊಂದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ. ಅದನ್ನು ನೆನೆಯುವುದು ಈಗಲೂ ಕಷ್ಟ. ಆದ್ದರಿಂದ ಮೊದಲು ಸ್ವಲ್ಪ ನಗುವ ವಿಷಯ ಹೇಳಿಬಿಡುತ್ತೇನೆ. ನನಗೂ ಅಷ್ಟು ಹೊತ್ತು ಉಸಿರಾಡಲು ಬಿಡುವು ಸಿಗುತ್ತದೆ.

ಅಕ್ಕ ಮೊದಲು ಹೀಗಿರಲಿಲ್ಲ. ಎಲ್ಲರ ಹಾಗೆಯೇ ಇದ್ದಳು. ಅಪ್ಪ ತೀರಿಕೊಂಡ ಮೇಲೆ ಗಾರ್ಮೆಂಟ್ಸ್ ಸೇರಿ, ದಾರ ಕತ್ತರಿಸುವ ಕೆಲಸದಿಂದ ಶುರು ಮಾಡಿ, ಮೆಷಿನ್ ಹಿಡಿದು, ಮೇಲೆ ಬಂದವಳು. ಎರಡು ವರ್ಷದ ಹಿಂದೆ ಕಂಪನಿಯವರು ಅವಳನ್ನು ಒಂದು ವಾರ ಟ್ರೈನಿಂಗಿಗೆ ಕಳಿಸಿದರು. ಲೀನ್ ಅಂತ ಅದರ ಹೆಸರು, ಜಪಾನಿನವರು ಕಂಡುಹಿಡಿದ ವಿದ್ಯೆಯಂತೆ. ಫ್ಯಾಕ್ಟರಿಯಲ್ಲಿ ಬಟ್ಟೆ, ಹೊತ್ತು, ಜಾಗ, ಓಡಾಟ ಯಾವುದೂ ದಂಡವಾಗದ ಹಾಗೆ ಕೆಲಸ ಮಾಡಿಸುವುದು.

"ಲೀನ್ ಅಂದ್ರೆ ಏನಮ್ಮಿ?" ಅಂತ ಅವ್ವ ಕೇಳಿದಳು.

"ತೆಳ್ಳಗೆ ಅಂತ ಕಣವ್ವ."

"ಅದ್ಕೆ ಒಂದು ವಾರ ಓಗ್ಬೇಕಾ? ನಾಕು ಸೋಮ್ವಾರ ಒಂದೊತ್ತು ಇದ್ರೆ ತಾನೇ ಆಯ್ತದೆ!"

ಅಕ್ಕ ನಗಲಿಲ್ಲ. ಗೋಡೆ ನೋಡುತ್ತಿದ್ದಳು. ಆಮೇಲೆ ಒಲೆ ನೋಡಿದಳು, ನೀರಿನ ಕೊಳಗ ನೋಡಿದಳು, ರಾಗಿ ಹಿಟ್ಟಿನ ಡಬ್ಬ ನೋಡಿದಳು. ಆ ನೋಟ ನನಗೆ ಆಗಲೇ ಹಿಡಿಸಲಿಲ್ಲ.

ಮಾರನೇ ದಿನ ಭಾನುವಾರ. ಅವ್ವ ಮುದ್ದೆ ಮಾಡಲು ನಿಂತಳು. ಅಕ್ಕ ಸೀಮೆಸುಣ್ಣ ಹಿಡಿದು ಅವ್ವನ ಹಿಂದೆ ಬಗ್ಗಿಕೊಂಡು ನಡೆದಳು. ಅವ್ವ ಒಲೆಯಿಂದ ನೀರಿಗೆ ಹೋದರೆ ಒಂದು ಗೆರೆ. ನೀರಿನಿಂದ ಹಿಟ್ಟಿಗೆ ಒಂದು ಗೆರೆ. ಹಿಟ್ಟಿನಿಂದ ಮತ್ತೆ ಒಲೆಗೆ. ಮರೆತ ಉಪ್ಪಿಗೆ, ಉಪ್ಪಿನಿಂದ ಕಿಟಕಿಗೆ. ಕಿಟಕಿಗೆ ಯಾಕೆ ಅಂದರೆ ರಸ್ತೆಯಲ್ಲಿ ಯಾರು ಹೋದರು ಅಂತ ನೋಡಲು! ಒಂದು ಮುದ್ದೆಗೆ ಅವ್ವ ನೂರ ಎಂಬತ್ತು ಹೆಜ್ಜೆ ನಡೆದಿದ್ದಳು. ನೆಲ ನೋಡಿದರೆ ಕೋಳಿ ಕೆರೆದ ತಿಪ್ಪೆಯ ಹಾಗಿತ್ತು.

ಅಷ್ಟರಲ್ಲಿ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಅತ್ತೆ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ಸಿವನೇ! ಇದೇನಮ್ಮಿ ಗೆರೆ? ಯಾರಾರ ಮಾಟ ಮಾಡ್ಸವ್ರಾ?"

"ಇಲ್ಲ ಕಣತ್ತೆ, ವೇಸ್ಟ್ ಓಡಿಸ್ತಾ ಇವ್ನಿ."

ಅತ್ತೆ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಹಿಂದಕ್ಕೇ ನಡೆದು ಹೋದಳು. ಅವತ್ತಿನಿಂದ ಎರಡು ತಿಂಗಳು ನಮ್ಮ ಮನೆಗೆ ಸಕ್ಕರೆ ಕೇಳಲು ಬರಲಿಲ್ಲ. ಅಕ್ಕ ಅದನ್ನೂ ಉಳಿತಾಯ ಅಂದಳು!

ಒಲೆಯ ಪಕ್ಕಕ್ಕೇ ಎಲ್ಲ ಬಂತು. ಕೂತಲ್ಲೇ ಕೈ ಚಾಚಿದರೆ ಉಪ್ಪು, ಕೈ ಮಡಚಿದರೆ ಹಿಟ್ಟು. ಅದರಲ್ಲಿ ಅವ್ವನಿಗೆ ಬೇಜಾರಿರಲಿಲ್ಲ. ಜಗಳ ಹತ್ತಿದ್ದು ಹಿಟ್ಟಿನ ಡಬ್ಬದ ವಿಚಾರದಲ್ಲಿ. ಅಕ್ಕ ಡಬ್ಬದ ಒಳಗೆ ಕೆಂಪು ಗೆರೆ ಎಳೆದಳು. ಹಿಟ್ಟು ಆ ಗೆರೆಗೆ ಇಳಿದಾಗ ಮಾತ್ರ ಮಿಲ್ಲಿಗೆ ರಾಗಿ ಕಳಿಸಬೇಕು, ಅದಕ್ಕೆ ಮೊದಲು ಕೂಡದು. ಮನೆಯಲ್ಲಿ ಬೇಕಾದಷ್ಟೇ ಇರಬೇಕು, ಬೇಡದ್ದು ಒಂದು ಹಿಡಿಯೂ ಇರಬಾರದು.

ನಮ್ಮ ಕಡೆ ಹೆಂಗಸರಿಗೆ ಇದು ಗಂಟಲಲ್ಲಿ ಇಳಿಯುವ ಮಾತಲ್ಲ. ಹಿಟ್ಟಿನ ಡಬ್ಬದ ತಳ ಕಾಣಬಾರದು. ಅಕ್ಕಿಯ ಮಡಕೆ ಬರಿದಾಗಬಾರದು. ಬರಿದಾದರೂ "ಇಲ್ಲ" ಅನ್ನಬಾರದು, "ತುಂಬ್ಕಂಡದೆ" ಅನ್ನಬೇಕು. ದಿನವೂ ಅಡುಗೆಗೆ ಅಳೆದ ಮೇಲೆ ಅದರಲ್ಲೇ ಒಂದು ಹಿಡಿ ವಾಪಸು ಎತ್ತಿಡಬೇಕು. ನನ್ನ ಅಂಗೈ ಇನ್ನೂ ಸಣ್ಣದಿದ್ದಾಗಲೇ ಅವ್ವ ಈ ಪಾಠ ಹೇಳಿಕೊಟ್ಟಿದ್ದಳು. "ಎತ್ತಿಡು ಕಣಮ್ಮಿ. ನಾಳೆ ಅನ್ನೋದು ಯೋಳಿ ಬರಲ್ಲ."

ಅಕ್ಕ ಗೆರೆ ಎಳೆದಳು, ಅವ್ವ ಗಂಟು ಕಟ್ಟಿದಳು. ಒಂದು ದಿನ ಅಕ್ಕ ಹುಡುಕುತ್ತಾ ಹೋದರೆ, ದೇವರ ಗೂಡಿನ ಹಿಂದೆ ಒಂದು, ಕೌದಿಯ ಮಡಿಕೆಯಲ್ಲಿ ಒಂದು, ಹೀಗೆ ನಾಲ್ಕು ಗಂಟು ರಾಗಿ ಹಿಟ್ಟು ಸಿಕ್ಕಿತು. ಒಂದರಲ್ಲಿ ಹುಳ ಸರಿದಾಡುತ್ತಿತ್ತು.

"ನೋಡವ್ವ! ನೀನು ಎತ್ತಿಟ್ಟಿದ್ದನ್ನ ಹುಳ ತಿಂತಾವೆ."

"ತಿನ್ಲಿ ಬುಡು. ಅವೂ ನಮ್ಮ ಮನೇವೇ ಅಲ್ವಾ?"

 

ಇನ್ನು ಭಾವನ ಕಥೆ. ಭಾವ ನಮ್ಮ ಮನೆಯಲ್ಲೇ ಇರುವವರು, ಲಗೇಜ್ ಆಟೋದಲ್ಲಿ ತರಕಾರಿ ಸಾಗಿಸುತ್ತಾರೆ. ಸಾಧು ಮನುಷ್ಯ. ಅಕ್ಕ ಕಲಿತು ಬಂದ ವಿದ್ಯೆಯಲ್ಲಿ ಕೆಂಪು ಚೀಟಿ ಅಂತ ಒಂದಿದೆ. ತಿಂಗಳಿಂದ ಬಳಸದ ಸಾಮಾನು ಯಾವುದೇ ಇರಲಿ, ಅದಕ್ಕೆ ಕೆಂಪು ಚೀಟಿ ಅಂಟಿಸಬೇಕು. ಒಂದು ವಾರದಲ್ಲಿ ಯಾರೂ ಕೇಳದಿದ್ದರೆ ಹೊರಗೆ. ಕೆಟ್ಟ ರೇಡಿಯೋ, ಒಂದೇ ಚಕ್ರದ ಸೈಕಲ್ಲು, ಮದುವೆಗೆ ಬಂದ ಹದಿನಾಲ್ಕು ಗೋಡೆ ಗಡಿಯಾರ, ಎಲ್ಲಕ್ಕೂ ಚೀಟಿ ಬಿತ್ತು. ಒಂದು ಭಾನುವಾರ ಭಾವ ಬೆಳಿಗ್ಗೆ ತಿಂಡಿ ತಿಂದು ಮಂಚದ ಮೇಲೆ ಮಲಗಿದವರು ಮಧ್ಯಾಹ್ನ ಎದ್ದು, ಬನಿಯನ್ನಿನಲ್ಲೇ ಟೀ ಅಂಗಡಿಗೆ ಹೋದರು. ಬೆನ್ನಿನ ಮೇಲೆ ಕೆಂಪು ಚೀಟಿ. "ಕೊನೆಯ ಸಲ ಬಳಸಿದ್ದು: ಗೊತ್ತಿಲ್ಲ. ನಿರ್ಧಾರ: ಒಂದು ವಾರದಲ್ಲಿ."

ಟೀ ಅಂಗಡಿಯವನು ಹಾಲು ಉಕ್ಕಿದ್ದೂ ಗೊತ್ತಾಗದೆ ಓದಿ ಮುಗಿಸಿ, "ಏನಣ್ಣ, ಎಷ್ಟುಕ್ ಕೊಡ್ತಾರಂತೆ?" ಅಂದನಂತೆ!

ಭಾವ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಆ ಒಂದು ಚಕ್ರದ ಸೈಕಲ್ಲಿಗೆ ಇನ್ನೊಂದು ಚಕ್ರ ತಂದು ಹಾಕಿದರು. ಹೆದರಿಕೆ ಇರಬೇಕು ಪಾಪ, ವಾರ ಮುಗಿಯುವುದರಲ್ಲಿ ತಾವೂ ಉಪಯೋಗಕ್ಕೆ ಬರುವ ಸಾಮಾನು ಅಂತ ತೋರಿಸಬೇಕಲ್ಲ.

ನನ್ನನ್ನು ನೋಡಲು ಕುದೇರಿನ ಕಡೆಯಿಂದ ಗಂಡು ಬಂದ ದಿನವನ್ನೂ ಹೇಳಿಬಿಡುತ್ತೇನೆ. ಅಕ್ಕನ ವಿದ್ಯೆಯಲ್ಲಿ ಇನ್ನೊಂದು ಸೂತ್ರ: ಏನೇ ತಪ್ಪಾದರೂ ಐದು ಸಲ ಯಾಕೆ ಅಂತ ಕೇಳಬೇಕು. ಐದನೇ ಸಲಕ್ಕೆ ಬೇರು ಸಿಗುತ್ತದೆ. ಹುಡುಗನ ಮಾವ ಮಂಡಕ್ಕಿ ಬಾಯಿಗೆ ಹಾಕಿಕೊಂಡು, "ನಮ್ ಹುಡ್ಗ ಮೈಸೂರಲ್ಲಿ ದೊಡ್ಡ ಅಂಗ್ಡೀಲಿ ಇದ್ದ. ಈಗ ಬುಟ್ಟವ್ನೆ" ಅಂದರು.

"ಯಾಕೆ?" ಅಕ್ಕ ಕೇಳಿದಳು.

"ಓನರ್‌ಗೂ ಇವ್ನಿಗೂ ಸರಿಬರ್ನಿಲ್ಲ."

"ಯಾಕೆ?"

"ಸ್ವಲ್ಪ ಲೇಟಾಗಿ ಓಯ್ತಿದ್ದ, ಅಷ್ಟೇ."

"ಯಾಕೆ?"

"ಬೆಳಿಗ್ಗೆ ಎಚ್ಚರ ಆಯ್ತಿರ್ನಿಲ್ಲ ಕಣಮ್ಮ." ಮಾವನ ಕೈಯಲ್ಲಿ ಮಂಡಕ್ಕಿ ಹಾಗೇ ನಿಂತಿತ್ತು.

"ಯಾಕೆ?"

ಈಗ ಹುಡುಗನೇ ನೆಲ ನೋಡುತ್ತಾ ಹೇಳಿದ. "ಫೋನಲ್ಲಿ ಒಂದು ಹುಡ್ಗಿ ಜೊತೆ ಮಾತಾಡ್ತಾ ಇರ್ತಿದ್ದೆ ಅಕ್ಕ."

"ಯಾಕೆ?"

"ಅವ್ಳನ್ನೇ ಮದ್ವೆ ಆಗ್ಬೇಕು ಅಂತ."

ಬೇರು ಸಿಕ್ಕಿತು! ಅಕ್ಕ ಕೋಪ ಮಾಡಿಕೊಳ್ಳಲಿಲ್ಲ. "ಹಂಗಾರೆ ಅಲ್ಲಿಗೇ ಓಗ್ಬಾರ್ದಾ ಮಗ, ಇಲ್ಲಿಗೆ ಬಂದಿದ್ದು ಎಲ್ರುಗೂ ಅರ್ಧ ದಿನ ವೇಸ್ಟು" ಅಂತ ಕಾಫಿ ಕೊಟ್ಟು ಕಳಿಸಿದಳು. ಆ ಹುಡುಗನಿಗೆ ಅಲ್ಲೇ ಮದುವೆ ಆಯಿತಂತೆ, ಚೆನ್ನಾಗಿದ್ದಾನಂತೆ. ನನಗೂ ಬೇಸರವಾಗಲಿಲ್ಲ. ಆದರೆ ಅವತ್ತು ಕದದ ಹಿಂದೆ ನಿಂತು ನನ್ನ ಬಗ್ಗೆಯೇ ಯೋಚಿಸಿದೆ. ಇವಳು ಒಂದು ದಿನ ನನ್ನ ಎದುರು ಕೂತು ಐದು ಸಲ ಕೇಳಿದರೆ ನನ್ನ ಗತಿ ಏನು?

ಸರಿ. ನಗುವ ವಿಷಯ ಮುಗಿಯಿತು. ಇನ್ನೂ ಒಂದೆರಡು ಇವೆ, ಆದರೆ ಹೇಳುತ್ತಾ ಹೋದರೆ ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಅಂತ ನಿಮಗೆ ಗೊತ್ತಾಗಿಬಿಡುತ್ತದೆ.

ಕಂಪನಿಯವರು ಅಕ್ಕನಿಗೆ ಒಂದು ಲೈನು ಕೊಟ್ಟರು. ಲೈನು ಅಂದರೆ ಸಾಲಾಗಿ ಕೂತ ಮೂವತ್ತು ನಲವತ್ತು ಮೆಷಿನ್ನು. ಇಬ್ಬರು ಕಾಲರ್, ಕೆಲವರು ತೋಳು, ಕೆಲವರು ಗುಂಡಿ, ಕೊನೆಗೆ ಅಂಗಿ. "ಮೂರು ತಿಂಗಳು ನಿನ್ನ ರೀತಿಯಲ್ಲಿ ನಡೆಸು. ಚೆನ್ನಾಗಿ ಬಂದರೆ ಎಲ್ಲಾ ಲೈನಿಗೂ ನೀನೇ ಇನ್‌ಚಾರ್ಜ್. ಬರದಿದ್ದರೆ ವಾಪಸು ಮೆಷಿನ್ನಿಗೆ" ಅಂದರು ಮ್ಯಾನೇಜರ್. ದಾರ ಕತ್ತರಿಸುತ್ತಿದ್ದ ಹೆಂಗಸು ಇಡೀ ಫ್ಲೋರ್ ನೋಡಿಕೊಳ್ಳುವುದು ನಮ್ಮ ಫ್ಯಾಕ್ಟರಿಯಲ್ಲಿ ಅದುವರೆಗೆ ನಡೆದಿರಲಿಲ್ಲ. ಅಕ್ಕ ಮನೆಯಲ್ಲಿ ಊಟ ಮಾಡುತ್ತಲೇ ತಟ್ಟೆಯ ಮೇಲೆ ಬೆರಳಿನಲ್ಲಿ ಲೈನು ಬರೆಯುತ್ತಿದ್ದಳು. ಅವಳಿಗೆ ಅದು ಎಷ್ಟು ಬೇಕಾಗಿತ್ತು ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದೂ ನಾನು ಮಾಡಿದ್ದು ಇದು.

ಮೊದಲೆಲ್ಲ ನಮ್ಮ ಮೆಷಿನ್ನುಗಳ ಪಕ್ಕ ಹೊಲಿದ ಮಾಲು ರಾಶಿ ಬಿದ್ದಿರುತ್ತಿತ್ತು. ಅಕ್ಕ ರಾಶಿ ತೆಗೆಸಿದಳು. ಇಬ್ಬರ ನಡುವೆ ಮೇಜಿನ ಮೇಲೆ ಹಳದಿ ಟೇಪಿನಲ್ಲಿ ಒಂದು ಚೌಕ. ಅದರಲ್ಲಿ ಮೂರು ಕಾಲರ್ ಇರಬಹುದು, ನಾಲ್ಕನೆಯದು ಇರಬಾರದು. ಚೌಕ ತುಂಬಿದರೆ ಕೈ ನಿಲ್ಲಿಸು, ಖಾಲಿಯಾದರೆ ಹೊಲಿ. ರಾಶಿ ಇದ್ದರೆ ತಪ್ಪು ಅದರಡಿ ಅಡಗುತ್ತದೆ, ರಾಶಿ ಇಲ್ಲದಿದ್ದರೆ ತಪ್ಪು ಆಗಲೇ ಕಾಣುತ್ತದೆ, ಅದು ಅಕ್ಕನ ಲೆಕ್ಕ. ಮೆಷಿನ್ ಕೆಟ್ಟರೆ, ಏನಾದರೂ ತಪ್ಪು ಕಂಡರೆ, ತಲೆಯ ಮೇಲೆ ನೇತಾಡುವ ಹುರಿ ಎಳೆಯಬೇಕು. ಕೆಂಪು ದೀಪ ಹತ್ತುತ್ತದೆ, ಲೈನು ನಿಲ್ಲುತ್ತದೆ, ಅಕ್ಕ ಓಡಿ ಬರುತ್ತಾಳೆ. "ಎಳೆದವ್ರಿಗೆ ಯಾರೂ ಬಯ್ಯಂಗಿಲ್ಲ" ಅಂತ ಮೊದಲ ದಿನವೇ ಎಲ್ಲರ ಮುಂದೆ ಹೇಳಿದ್ದಳು.

ಬಯ್ಯುವುದಿಲ್ಲ ನಿಜ. ನೋಡುತ್ತಾರಲ್ಲ!

ಎರಡನೇ ವಾರ ನನ್ನ ಸೂಜಿ ಮುರಿಯಿತು. ಹುರಿ ಎಳೆದೆ. ಇಡೀ ಲೈನು ನಿಂತು, ಎಲ್ಲಾ ತಲೆಗಳೂ ನನ್ನ ಕಡೆ ತಿರುಗಿದವು. ನನ್ನ ಪಕ್ಕದಲ್ಲಿ ಹರವೆಯ ಮಹದೇವಮ್ಮ ಕೂರುತ್ತಿದ್ದಳು, ಅವಳೂ ಕಾಲರ್ ಹೊಲಿಯುವವಳೇ. ಬಾಯಿ ಜೋರು. "ಸೂಪರ್‌ವೈಸರ್ ತಂಗಿ ಕಣ್ರಮ್ಮಿ, ಲೈಟ್ ಆಕಂಡು ರೆಸ್ಟ್ ತಕತಾವ್ಳೆ!" ಅಂದಳು. ಎಲ್ಲರೂ ನಕ್ಕರು. ಅವಳು ಆ ಮಾತನ್ನು ಆಗಲೇ ಮರೆತಿದ್ದಳು. ನನಗೆ ಮಾತ್ರ ಅವತ್ತಿನಿಂದ ಆ ಖಾಲಿ ಚೌಕ ಕಂಡರೆ ಆಗುತ್ತಿರಲಿಲ್ಲ. ಖಾಲಿ ಚೌಕ ಅಂದರೆ ತಳ ಕಂಡ ಡಬ್ಬ!

ನಾನು ಎತ್ತಿಡಲು ಶುರು ಮಾಡಿದೆ.

ಕಟಿಂಗ್‌ನವರು ಪ್ರತಿ ಕಟ್ಟಿನ ಜೊತೆ, ಹಾಳಾದರೆ ಬೇಕಾಗುತ್ತದೆ ಅಂತ ಒಂದೆರಡು ತುಂಡು ಹೆಚ್ಚಿಗೆ ಕೊಡುತ್ತಿದ್ದರು. ಉಳಿದರೆ ಸಂಜೆ ವಾಪಸು ಕೊಡಬೇಕು. ನಾನು ಕೊಡಲಿಲ್ಲ. ಚೌಕ ತುಂಬಿ ಕೈ ಖಾಲಿ ಇರುವಾಗ ಅವನ್ನೂ ಹೊಲಿದು, ಮೆಷಿನ್ ಕೆಳಗೆ ನನ್ನ ಊಟದ ಚೀಲದಲ್ಲಿ ಇಟ್ಟೆ. ದಿನಕ್ಕೆ ಒಂದು, ಎರಡು. ಕಳ್ಳತನ ಅಂತ ಒಂದು ದಿನವೂ ಅನ್ನಿಸಲಿಲ್ಲ. ಕಂಪನಿಯ ಮಾಲು ಕಂಪನಿಯಲ್ಲೇ ಇದೆ ತಾನೇ? ಚೀಲ ತುಂಬುತ್ತಾ ಬಂದ ಹಾಗೆ ರಾತ್ರಿ ನಿದ್ದೆ ಬರತೊಡಗಿತು. ಅಷ್ಟು ನೆಮ್ಮದಿ! ಅಕ್ಕ ಲೈನಿನ ಉದ್ದಕ್ಕೂ ಓಡಾಡುವಾಗ ಮಾತ್ರ ಕಾಲಿನಿಂದ ಚೀಲವನ್ನು ಒಳಕ್ಕೆ ತಳ್ಳುತ್ತಿದ್ದೆ.

ಮೂರು ತಿಂಗಳು ಮುಗಿಯಲು ಎಂಟು ದಿನ ಇತ್ತು. ಒಂದು ತಿಂಗಳಿಂದ ನಡೆಯುತ್ತಿದ್ದದ್ದು ತಿಳಿನೀಲಿ ಅಂಗಿಯ ಆರ್ಡರು. ಊಟದ ಹೊತ್ತಿಗೆ ಸ್ವಲ್ಪ ಮೊದಲು ನನ್ನ ಮೆಷಿನ್ನಿನ ಮೋಟಾರು ಗುರುಗುಟ್ಟಿ ನಿಂತುಹೋಯಿತು. ಮೇಲೆ ಹುರಿ ನೇತಾಡುತ್ತಿತ್ತು. ನೋಡಿದೆ. ಮಹದೇವಮ್ಮನನ್ನೂ ನೋಡಿದೆ. ಕೈ ಮೇಲಕ್ಕೆ ಹೋಗಲಿಲ್ಲ, ಕೆಳಕ್ಕೆ ಹೋಯಿತು. ಚೀಲದಿಂದ ಒಂದೊಂದೇ ಕಾಲರ್ ತೆಗೆದು ಚೌಕದಲ್ಲಿ ಇಡುತ್ತಾ ಹೋದೆ. ಸದ್ದಿಲ್ಲದೆ ಮೆಕ್ಯಾನಿಕ್‌ಗೆ ಕಣ್ಸನ್ನೆ ಮಾಡಿದೆ. ಅವನು ಬಂದು ರಿಪೇರಿ ಮಾಡಿ ಹೋಗುವಷ್ಟರಲ್ಲಿ ಇಪ್ಪತ್ತೆರಡು ಕಾಲರ್ ಮುಂದೆ ಹೋಗಿದ್ದವು. ಲೈನು ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಅಕ್ಕನ ಮಾನ ಉಳಿಸಿದೆ ಅಂದುಕೊಂಡೆ ಕಣ್ರೀ!

ಬಟ್ಟೆಯ ಕೆಲಸ ಬಲ್ಲವರು ಇಷ್ಟು ಹೊತ್ತಿಗೆ ತಲೆ ಚಚ್ಚಿಕೊಂಡಿರುತ್ತಾರೆ. ಒಂದು ತಾನಿನ, ಅಂದರೆ ಬಟ್ಟೆಯ ಒಂದು ಉರುಳೆಯ, ನೀಲಿ ಇನ್ನೊಂದು ತಾನಿನ ನೀಲಿಯ ಹಾಗೆ ಇರುವುದಿಲ್ಲ. ಒಂದೇ ಬಣ್ಣ, ಒಂದೇ ಮಿಲ್ಲು, ಆದರೂ ಕೂದಲೆಳೆಯಷ್ಟು ವ್ಯತ್ಯಾಸ. ಅದಕ್ಕೇ ಒಂದು ತಾನಿನಿಂದ ಕತ್ತರಿಸಿದ್ದೆಲ್ಲ ಒಂದೇ ಅಂಗಿಗೆ ಹೋಗಬೇಕು. ನನ್ನ ಚೀಲದಲ್ಲಿದ್ದವು ಹಿಂದಿನ ವಾರಗಳ ತಾನಿನವು. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಒಂದೇ ಥರ ಕಾಣುತ್ತಿತ್ತು. ಮಾಲು ಕೊಳ್ಳುವವರ ಕಡೆಯಿಂದ ತಪಾಸಣೆಗೆ ಬಂದ ಹೆಂಗಸು ಒಂದು ಅಂಗಿ ಎತ್ತಿಕೊಂಡು ಕಿಟಕಿಯ ಹತ್ತಿರ ಬಿಸಿಲಿಗೆ ಹಿಡಿದಳು. ಅಂಗಿ ಒಂದು ನೀಲಿ, ಕಾಲರ್ ಇನ್ನೊಂದು ನೀಲಿ.

ಇಡೀ ಮಾಲು ತಡೆದರು. ಎರಡು ದಿನ ಎಲ್ಲರೂ ಪೆಟ್ಟಿಗೆ ಬಿಚ್ಚಿ ಒಂದೊಂದೇ ಅಂಗಿ ಬಿಸಿಲಿಗೆ ಹಿಡಿದು ನೋಡಿದೆವು. ಆ ರಾಶಿಯ ಮಧ್ಯೆ ನಿಂತು, ನನ್ನದೇ ಕಾಲರುಗಳನ್ನು ನಾನೇ ಹುಡುಕಿ ಪಕ್ಕಕ್ಕಿಟ್ಟೆ. ನನ್ನಷ್ಟು ಚುರುಕಾಗಿ ಯಾರೂ ಹುಡುಕಲಿಲ್ಲ ಅಂತ ಮ್ಯಾನೇಜರ್ ಹೊಗಳಿದರು!

ಮೂರನೇ ದಿನ ಅಕ್ಕ ಲೈನಿನವರನ್ನೆಲ್ಲ ಬಿಳಿ ಬೋರ್ಡಿನ ಮುಂದೆ ನಿಲ್ಲಿಸಿದಳು. ಮ್ಯಾನೇಜರ್ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದರು. ಬಣ್ಣ ಯಾಕೆ ಬೇರೆ? ಬೇರೆ ತಾನಿನ ಕಾಲರ್. ಅದು ಯಾಕೆ ಬಂತು? ಲೈನಿನಲ್ಲಿ ಹಳೆಯ ಕಾಲರ್ ಇತ್ತು. ಯಾಕೆ ಇತ್ತು? ಯಾರೋ ಎತ್ತಿಟ್ಟಿದ್ದರು. ಮೂರು ಸಾಲು ಬರೆದು ಅಕ್ಕ ಪೆನ್ನು ಹಿಡಿದುಕೊಂಡು ತಿರುಗಿದಳು.

"ಯಾರು ಅಂತ ಕೇಳಿ" ಅಂದರು ಮ್ಯಾನೇಜರ್.

"ಯಾರು ಅಂತ ಕೇಳಂಗಿಲ್ಲ ಸಾರ್. ಯಾಕೆ ಅಂತ ಕೇಳ್ಬೇಕು."

"ಕಾಲರ್ ಹೊಲಿಯೋರು ಇಬ್ಬರೇ ಇದ್ದಾರೆ. ಇಬ್ಬರಲ್ಲಿ ಒಬ್ಬರು ತಾನೇ?"

"ನಾನಲ್ಲ! ಮಾದಪ್ಪನಾಣೆ ನಾನಲ್ಲ!" ಮಹದೇವಮ್ಮ ಕಿರುಚಿದಳು. ಎಲ್ಲರೂ ಅವಳನ್ನೇ ನೋಡಿದರು. ಕಿರುಚಿದವಳನ್ನು ಯಾರು ನಂಬುತ್ತಾರೆ? ನಾನು ಕಿರುಚಲಿಲ್ಲ. ನೆಲದ ಮೇಲೆ ಬಿದ್ದಿದ್ದ ಒಂದು ದಾರದ ತುಂಡನ್ನು ನೋಡುತ್ತಾ ನಿಂತಿದ್ದೆ. ಅದರ ಬಣ್ಣ, ಉದ್ದ, ಅದು ಸುರುಳಿ ಸುತ್ತಿದ್ದ ರೀತಿ, ಎಲ್ಲ ಇವತ್ತಿಗೂ ನೆನಪಿದೆ.

"ನನ್ನ ಲೈನಲ್ಲಿ ಎಸ್ರು ಕೇಳಲ್ಲ ಸಾರ್" ಅಂದಳು ಅಕ್ಕ. "ಇವತ್ತು ಎಸ್ರು ಕೇಳುದ್ರೆ ನಾಳೆಯಿಂದ ಯಾರೂ ಹುರಿ ಎಳೆಯಲ್ಲ."

"ಹಾಗಾದರೆ ಯಾರ ಹೆಸರು ಬರೆದುಕೊಳ್ಳಲಿ?"

ಅಕ್ಕ ಬೋರ್ಡಿನ ಕಡೆ ತಿರುಗಿ ತನ್ನ ಹೆಸರು ಬರೆದಳು.

ಮರುದಿನವೇ ಲೈನು ಬೇರೆಯವರ ಕೈಗೆ ಹೋಯಿತು. ಹಳದಿ ಟೇಪು ಕಿತ್ತರು. ಅಕ್ಕ ನನ್ನಿಂದ ಎರಡು ಮೆಷಿನ್ ಆಚೆ ಕೂತು ತೋಳಿನ ಪಟ್ಟಿ ಹೊಲಿಯತೊಡಗಿದಳು. ಮಹದೇವಮ್ಮನ ಜೊತೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

ಮನೆಯಲ್ಲಿ ಅಕ್ಕ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಉಪ್ಪು ಎಲ್ಲಿಟ್ಟರೂ ಸುಮ್ಮನಿದ್ದಳು. ಭಾವ ಒಂದು ಭಾನುವಾರ ಬೇಕೆಂದೇ ಸಂಜೆಯ ತನಕ ಮಂಚದ ಮೇಲೆ ಬಿದ್ದುಕೊಂಡು, ಬೈಸಿಕೊಳ್ಳಲು ಕಾದರು. ಅಕ್ಕ ಅವರನ್ನು ದಾಟಿಕೊಂಡು ಹೋದಳು. "ಬಯ್ತಾನೇ ಇಲ್ಲ ಕಣಮ್ಮಿ" ಅಂದಳು ಅವ್ವ ನನ್ನ ಹತ್ತಿರ ಬಂದು. "ನಿದ್ದೇನೂ ಮಾಡಲ್ಲ, ಸೂರು ನೋಡ್ತಾ ಇರ್ತಾಳೆ. ಏನಾಗದೆ ಅಂತ ನಿಂಗಾದ್ರೂ ಗೊತ್ತಾ?"

"ಗೊತ್ತಿಲ್ಲ ಕಣವ್ವ" ಅಂದೆ.

ಹೀಗೆ ಮೂರು ವಾರ. ನಾನು ಬರೀ ಸುಮ್ಮನಿದ್ದವಳಲ್ಲ, ಸುಮ್ಮನಿರುವುದನ್ನೇ ದಿನವೂ ಹೊಸದಾಗಿ ಮಾಡಿದವಳು. ಬಸ್ಸಿನಲ್ಲಿ ಹೇಳುತ್ತೇನೆ ಅಂದುಕೊಂಡು ಬಸ್ಸಿಳಿಯುತ್ತಿದ್ದೆ, ಮನೆಯಲ್ಲಿ ಹೇಳುತ್ತೇನೆ ಅಂದುಕೊಂಡು ಬಸ್ಸು ಹತ್ತುತ್ತಿದ್ದೆ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಅಕ್ಕ ಹೋಗುತ್ತಾಳೆ. ಅವಳು ಹೋಗುತ್ತಿರುವುದು ನನ್ನ ಕಣ್ಣೆದುರಿಗೇ ಇತ್ತು.

ಕೊನೆಗೆ ನನ್ನನ್ನು ಮುರಿದದ್ದು ಮಹದೇವಮ್ಮ. ಒಬ್ಬಳೇ ಊಟಕ್ಕೆ ಕೂತಿದ್ದವಳು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಆ ಜೋರು ಬಾಯಿ ಈಗ ಪಿಸುಗುಡುತ್ತಿತ್ತು. "ನಿಮ್ಮಕ್ಕ ನನ್ನ ಎಸ್ರು ಯೋಳ್ನಿಲ್ಲ ಕಣಮ್ಮಿ. ನಾನೇ ಅಂತ ಅವ್ಳೂ ಅನ್ಕಂಡಿದ್ರೂ ಅನ್ಕಂಡಿರ್ಬೋದು, ಆದ್ರೂ ಯೋಳ್ನಿಲ್ಲ. ಅವ್ಳ ಮುಖ ನೋಡಕ್ಕಾಯ್ತಿಲ್ಲ ನಂಗೆ."

ತಪ್ಪು ಮಾಡದವಳಿಗೆ ಮುಖ ನೋಡಲು ಆಗುತ್ತಿಲ್ಲ. ನಾನು ದಿನವೂ ಆ ಮುಖದ ಪಕ್ಕದಲ್ಲೇ ಕೂತು ಬಸ್ಸಿನಲ್ಲಿ ಬರುತ್ತಿದ್ದೇನೆ!

ಅವತ್ತು ಸಂಜೆ ಬೆಲ್ ಹೊಡೆದ ಮೇಲೆ ಮ್ಯಾನೇಜರ್ ರೂಮಿಗೆ ಹೋದೆ. ಬಾಗಿಲು ಹಿಡಿದುಕೊಂಡೇ ಹೇಳಿದೆ. ಅವರು ಒಂದು ಹಾಳೆ, ಪೆನ್ನು ಮುಂದಿಟ್ಟು, "ಎಲ್ಲ ಬರೆದುಕೊಡು" ಅಂದರು. ಸ್ಕೂಲು ಬಿಟ್ಟ ಮೇಲೆ ನಾನು ಅಷ್ಟು ಬರೆದದ್ದು ಅದೇ ಮೊದಲು. ಒಂದು ಪುಟಕ್ಕೆ ಒಂದು ಗಂಟೆ ಆಯಿತು. ಕಂಪನಿ ಬಸ್ಸು ಹಾರ್ನ್ ಹೊಡೆದುಕೊಂಡು ಹೊರಟು ಹೋದದ್ದು ಕೇಳಿಸಿತು.

ಓದಿ, ಕನ್ನಡಕ ತೆಗೆದರು. "ಇದರಲ್ಲಿ ನಿಮ್ಮಕ್ಕನ ವಿಷಯವೇ ಇಲ್ಲವಲ್ಲ?"

"ಅವ್ಳದು ಏನೂ ಇಲ್ಲ ಸಾರ್. ಅದ್ಕೇ ಇಲ್ಲ."

ಒಂದು ವಾರ ಕೆಲಸಕ್ಕೆ ಬರಬೇಡ, ಆಮೇಲೆ ನೋಡೋಣ ಅಂದರು. ಅಕ್ಕನ ಲೈನು? ಅದಕ್ಕೂ ನೋಡೋಣ ಅಂದರು. ಆ ನೋಡೋಣ ಇನ್ನೂ ನೋಡೋಣವಾಗಿಯೇ ಇದೆ.

ಗೇಟಿನ ಹತ್ತಿರ ಅಕ್ಕ ನಿಂತಿದ್ದಳು. ಬಸ್ಸು ಹತ್ತದೆ ಉಳಿದಿದ್ದಳು. ಇಬ್ಬರೂ ರಸ್ತೆಯ ತನಕ ನಡೆದೆವು. ನಾನು ಎಲ್ಲ ಹೇಳಿ ಮುಗಿಸಿದೆ. ಅವಳು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಳು.

"ಕಾಲರ್ ಮೂಲೇಲಿ ಒಂದು ಹೊಲಿಗೆ ಜಾಸ್ತಿ ಆಕ್ತೀಯ ನೀನು" ಅಂದಳು. "ಬಿಚ್ಕೊಂಡುಬುಟ್ರೆ ಅಂತ ಭಯ ನಿಂಗೆ. ಮೊದ್ಲ ಅಂಗೀಲೇ ಗೊತ್ತಾಯ್ತು ನಂಗೆ."

"ಮತ್ತೆ ಯಾಕಕ್ಕ ಯೋಳ್ನಿಲ್ಲ?"

"ಏನಂತ ಯೋಳ್ಲಿ? ನನ್ನ ಲೈನಲ್ಲಿ, ನನ್ನ ಕಣ್ಮುಂದೆ, ನನ್ನ ತಂಗಿನೇ ಹುರಿ ಎಳೆಯಕ್ಕೆ ಎದ್ರುಕೊಂಡು ಕೂತವ್ಳೆ. ಅದು ನಂಗೆ ಕಾಣ್ನಿಲ್ಲ. ಎಲ್ರ ಕೈ ನೋಡ್ದೆ, ಮುಖ ನೋಡ್ನಿಲ್ಲ. ಬೋರ್ಡ್ ಮೇಲೆ ಸುಳ್ಳು ಬರೀಲಿಲ್ಲ ಕಣಮ್ಮಿ ನಾನು."

ಮಹದೇವಮ್ಮನಿಗೆ ನಾಳೆ ನಾನೇ ಹರವೆಗೆ ಹೋಗಿ ಹೇಳುತ್ತೇನೆ ಅಂದೆ. "ನಾನೂ ಬತ್ತೀನಿ" ಅಂದಳು. ಗುಂಡ್ಲುಪೇಟೆಗೆ ಹೋಗುವ ಸರ್ಕಾರಿ ಬಸ್ಸು ಬಂತು. ಸೀಟು ಸಿಕ್ಕಿತು. ತೆರಕಣಾಂಬಿಗೆ ಎರಡು ಫ್ರೀ ಟಿಕೆಟ್ ಹರಿಸಿಕೊಂಡು ತಿರುಗಿ ನೋಡಿದರೆ, ಅಕ್ಕನ ಕಣ್ಣು ಆಗಲೇ ಮುಚ್ಚಿತ್ತು. ಬಸ್ಸು ಒಂದು ಹಳ್ಳ ದಾಟಿದಾಗ ಅವಳ ತಲೆ ನನ್ನ ಭುಜಕ್ಕೆ ಬಿತ್ತು. ಮೂರು ವಾರದ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣ ಮಗುವಿನ ಹಾಗೆ.

"ತೆರಕಣಾಂಬಿ! ಯಾರ್ರೀ ತೆರಕಣಾಂಬಿ!"

ನಾನು ಏಳಲಿಲ್ಲ.

"ಏನಮ್ಮ, ತೆರಕಣಾಂಬಿ ಅಂದ್ರಲ್ಲ?" ಕಂಡಕ್ಟರ್ ಪಕ್ಕಕ್ಕೆ ಬಂದು ನಿಂತ. ನಾನು ಬಾಯಿ ಬಿಡದೆ ಕಣ್ಣಿನಲ್ಲೇ ಭುಜ ತೋರಿಸಿದೆ. ಅವನು ಒಂದು ಸಲ ಅಕ್ಕನನ್ನು ನೋಡಿದ, ಗೊಣಗಿಕೊಂಡು ಗುಂಡ್ಲುಪೇಟೆಗೆ ಇನ್ನೆರಡು ಟಿಕೆಟ್ ಹರಿದು ನನ್ನ ಮಡಿಲಿಗೆ ಹಾಕಿ, ಮೆಲ್ಲಗೆ ಸೀಟಿ ಊದಿದ. ನಮ್ಮ ಬೀದಿಯ ದೀಪಗಳು ಕಿಟಕಿಯಲ್ಲಿ ಹಾದು ಹೋದವು.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಅಕ್ಕ ಕಣ್ಣು ಬಿಟ್ಟಳು. ಸುತ್ತ ನೋಡಿದಳು. ಬೋರ್ಡು ನೋಡಿದಳು. ಯಾಕೆ ಅಂತ ಕೇಳುತ್ತಾಳೆ, ಈಗ ಕೇಳುತ್ತಾಳೆ ಅಂದುಕೊಂಡೆ.

"ವಾಪಸ್ ಬಸ್ಸು ಯಾವಾಗಂತೆ?"

"ಗೊತ್ತಿಲ್ಲ ಕಣಕ್ಕ. ಅರ್ಧ ಗಂಟೆ ಆಗ್ಬೋದು."

ಇಳಿದು ಕಲ್ಲುಬೆಂಚಿನ ಮೇಲೆ ಕೂತೆವು. ಅಕ್ಕ ಸೆರಗು ಎಳೆದು ಹೊದ್ದುಕೊಂಡಳು.

"ಹಂಗಾರೆ ಇನ್ನೊಂದು ಗಳಿಗೆ ಮನಿಕತೀನಿ" ಅಂದು, ಮತ್ತೆ ನನ್ನ ಭುಜಕ್ಕೆ ಒರಗಿದಳು.